ನಮ್ಮ ರಸ್ತಿ ಮೇಲೆ ಮೊದ್ಲ್ ಕೆಲ್ಸಕ್ಕೆ ಹೋದ ಹೆಂಗ್ಸ್ರು

ಮೊನ್ನೆ ಬೆಳಿಗ್ಗೆ ಕುಂದಾಪ್ರಕ್ಕೆ ಹೋಪುಕೆ ಅಂದೇಳಿ ಮರವಂತೆ ಸ್ಟಾಪಲ್ಲಿ ಬಸ್ ಕಾಯ್ತಾ ನಿಂತಿದ್ದೆ. ಎಂತ ದೊಡ್ಡ ಕೆಲ್ಸ ಅಲ್ಲ, ಕನ್ನಡಕದ ಕಾಲು ಮುರ್ದಿತ್ತು, ಸರಿ ಮಾಡ್ಸೂಕೆ. ಪಕ್ಕದಲ್ಲಿ ಕಾಲೇಜಿಗೆ ಹೋಪ ಎರಡು ಹೆಣ್ಮಕ್ಕಳು. ಕುತ್ತಿಗೆಗೆ ಐಡಿ ಕಾರ್ಡು ಹಾಕ್ಕಂಡ ಒಬ್ಳು. ಆಚೆ ಬದಿಗೆ, ಖಾಲಿ ಅಲ್ಯೂಮಿನಿಯಂ ಬೋಗುಣಿ ಹಿಡ್ಕಂಡು, ನನಗಿಂತ ಹತ್ತು ವರ್ಷ ದೊಡ್ಡವರು ಒಬ್ರು. ಬಸ್ಸು ಬಂತು. ಕಂಡಕ್ಟರ್ ಹೈದ ಐಡಿ ಕಾರ್ಡಿನವ್ಳಿಗೆ "ಬನ್ನಿ ಮೇಡಂ, ಸೀಟ್ ಇತ್ತ್" ಅಂದ. ಬೋಗುಣಿಯವ್ರಿಗೆ "ಅಮ್ಮ, ನೀವ್ ಹಿಂದ್ ಹೋಯ್ನಿ" ಅಂದ. ಕಾಲೇಜಿನ ಒಂದು ಹೆಣ್ಣು ದುಪ್ಪಟ್ಟ ತೆಗ್ದು ಮೂಗಿಗೆ ಹಿಡೀತು.

ನಂಗೆ ಆ ಹೆಣ್ಣಿನ ಮೇಲೆ ಸಿಟ್ಟು ಬರ್ಲಿಲ್ಲ. ಎಂತಕಂದ್ರೆ 1987ರಲ್ಲಿ ಇದೇ ಸ್ಟಾಪಲ್ಲಿ ಹೀಂಗೇ ಮೂಗು ಮುಚ್ಚಿದ್ದು ನಾನು.

ಮನಿಗೆ ಬಂದ ಮೇಲೂ ಅದೇ ತಲೆಯಲ್ಲಿ. "ಕೆಲ್ಸಕ್ಕೆ ಹೋಪ ಹೆಂಗ್ಸು" ಅಂದ ಕೂಡ್ಲೆ ನಾವು ಟೀಚರು, ನರ್ಸು, ಬ್ಯಾಂಕಿನವ್ಳು ಅಂತಲೇ ಅಂದಾಜು ಮಾಡೂದು. ಆದ್ರೆ ನಮ್ಮ ಈ ರಸ್ತಿ ಮೇಲೆ ದಿನಾ ಬೆಳಿಗ್ಗೆ ಹೊರಟು, ಸಂಜಿಗೆ ದುಡ್ಡು ಸೆರಗಿಗೆ ಗಂಟು ಕಟ್ಕಂಡು ಬಂದ ಮೊದಲ್ನೇ ಹೆಂಗ್ಸ್ರು ಅವ್ರ್ಯಾರೂ ಅಲ್ಲ. ಆ ಕತಿಯನ್ನ ನಂಗೆ ಗೊತ್ತಿದ್ದಷ್ಟು ಬರೀವ ಅಂತ ಕೂತೆ.

ಮರವಂತೆ ಕಾಣದವ್ರಿಗೆ ಒಂದು ಮಾತು. ಪಡುಬದಿ ಅರಬ್ಬಿ ಕಡಲು, ಮೂಡುಬದಿ ಸೌಪರ್ಣಿಕಾ ಹೊಳಿ, ನಡೂಕೆ ರಸ್ತಿ. ಕೊಲ್ಲೂರು ಬದಿಯಿಂದ ಇಳಿದು ಬಂದ ಹೊಳಿ ಇಲ್ಲಿ ಕಡಲಿಗೆ ಇನ್ನೇನು ಸೇರ್ತದೆ ಅಂಬಷ್ಟು ಹತ್ರ ಬಂದು, ಸೇರದೆ ತೆಂಕಕ್ಕೆ ತಿರುಗಿ ಗಂಗೊಳ್ಳಿ ಹತ್ರ ಉಳಿದ ಹೊಳಿಗಳ ಸಂಗಡ ಸಮುದ್ರಕ್ಕೆ ಹೋತದೆ. ಈ ರಸ್ತಿಗೆ ಮೊದ್ಲು ರಾಷ್ಟ್ರೀಯ ಹೆದ್ದಾರಿ 17 ಅಂತಿದ್ರು, ಈಗ 66. ಕಾರು ನಿಲ್ಸಿ ಫೋಟೋ ತೆಗೂವವ್ರು ಎಷ್ಟೋ ಜನ. ಅವ್ರು ಕಡಲು ಕಾಣ್ತಾರೆ, ಹೊಳಿ ಕಾಣ್ತಾರೆ. ರಸ್ತಿ ಮೇಲೆ ನಡ್ಕಂಡು ಹೋಪವ್ರನ್ನ ಕಾಂಬುದು ಕಡಿಮಿ.

ನನ್ನ ತೌರುಮನಿ ಹೊಳಿ ಬದಿ. ಸ್ವಲ್ಪ ಗದ್ದೆ, ಹತ್ತಿಪ್ಪತ್ತು ತೆಂಗಿನ ಮರ. ರಸ್ತಿ ದಾಟಿದ್ರೆ ಕಡ್ಲ್ ಬದಿ ಮನಿಗಳು. ಅಲ್ಲಿಂದ ನಮ್ಮ ಮನಿಗೆ ಮೀನು ತಪ್ಪ ಒಬ್ರಿದ್ರು, ನಾವು ಮಕ್ಕಳೆಲ್ಲ ಅವ್ರನ್ನ "ಕಡ್ಲ್ ಬದಿ ಅಮ್ಮ" ಅಂತಲೇ ಕರೀತಿದ್ದದ್ದು. ಕತಿಯಲ್ಲಿ ಅವ್ರು ಮುಂದೆ ಬತ್ತಾರೆ.

ನನ್ನ ಅಜ್ಜಿ ಹೇಳೂ ಕಾಲದಲ್ಲಿ ಬಸ್ಸೆಂಬುದು ಅಪರೂಪದ ಸಂಗತಿ. ಹೊಳಿಗೆಲ್ಲ ಸಂಕ ಇರ್ಲಿಲ್ಲ. ಕುಂದಾಪ್ರಕ್ಕೆ ಹೋಯ್ಕಂದ್ರೆ ನಡೂದು, ಕಡವಿಗೆ ಬಪ್ಪುದು, ದೋಣಿ ಕಾಂಬುದು, ಮತ್ತೆ ನಡೂದು. ಮರ್ಯಾದಸ್ಥ ಮನಿ ಹೆಂಗ್ಸ್ರು ಊರು ಬಿಟ್ಟು ಹೊರಡೂದು ಬಾಣಂತನಕ್ಕೆ, ಮದಿಗೆ, ಮತ್ತೆ ಜಾತ್ರಿಗೆ. ಆಸಾಡಿ ಅಮಾಸಿ ದಿನ ನಮ್ಮ ಮಾರಾಜಸ್ವಾಮಿ ವರಾಹ ದೇವಸ್ಥಾನದ ಜಾತ್ರಿ ಅಲ್ದಾ, ಹೊಸ್ತಾಗಿ ಮದಿ ಆದವ್ರು ಬಂದು ಕಡಲಲ್ಲಿ ಮೀವ ದಿನ. ವರ್ಷಕ್ಕೆ ಅದೊಂದು ದಿನ ರಸ್ತಿ ತುಂಬ ಹೆಂಗ್ಸ್ರು. ಉಳಿದ ದಿನ ಆ ರಸ್ತಿ ಮೇಲೆ ಒಬ್ಬೊಬ್ರೇ ಹೋಪ ಧೈರ್ಯ ಇದ್ದದ್ದು ಕಡ್ಲ್ ಬದಿ ಹೆಂಗ್ಸ್ರಿಗೆ ಮಾತ್ರ.

ಅದಕ್ಕೆ ಕಾರಣ ಮೀನು. ಆಗ ಮೀನು ಹಿಡೀತಿದ್ದದ್ದು ಹೆಚ್ಚಾಗಿ ರಂಪಣಿ ಬಲೆಯಲ್ಲಿ. ದೋಣಿಯಲ್ಲಿ ಹೋಯಿ ಬಲೆ ಸುತ್ತ ಹಾಕಿ, ದಡದಲ್ಲಿ ನಿಂತು ಹತ್ತಾರು ಜನ ಎರಡೂ ಬದಿಯಿಂದ ಎಳೂದು. ಬಂಗುಡೆ, ಬೂತಾಯಿ (ನಮ್ಮ ಬಾಯಲ್ಲಿ ಬೈಗಿ) ರಾಶಿ ರಾಶಿ ಊರ ಹೊಯ್ಗೆ ಮೇಲೇ ಬಂದು ಬೀಳ್ತಿತ್ತು. ಬಲೆ ಎಳೂದು ಗಂಡಸ್ರ ಕೆಲ್ಸ. ಅಲ್ಲಿಂದ ಮುಂದಿನದ್ದು ಪೂರಾ ಹೆಂಗ್ಸ್ರದ್ದು. ಹೆಡ್ಗಿ ತುಂಬಿ ತಲೆ ಮೇಲೆ ಇಟ್ಕಂಡು, ಮೀನು ಹಾಳಾಪ ಮುಂಚೆ ಒಳಗಿನ ಊರು ಮುಟ್ಟಬೇಕು. ಹೊಳಿ ದಾಟಿ ಪಡುಕೋಣೆ, ನಾಡ ಬದಿ. ಇಲ್ಲಾಂದ್ರೆ ಬಡಗಕ್ಕೆ ನಾವುಂದ, ಕಿರಿಮಂಜೇಶ್ವರ. ದುಡ್ಡು ಇದ್ದವ್ರು ದುಡ್ಡು ಕೊಟ್ರು, ಇಲ್ಲದವ್ರು ಭತ್ತ, ಅಕ್ಕಿ, ತೆಂಗಿನಕಾಯಿ ಕೊಟ್ರು. ಉಳಿದ ಮೀನಿಗೆ ಉಪ್ಪು ಹಾಕಿ ಒಣಗ್ಸಿ ಮಳಿಗಾಲಕ್ಕೆ ಇಡೂದು. ಮನಿಯ ಜಮಾ ಖರ್ಚು ಹೆಂಗ್ಸ್ರ ಸೆರಗಿನ ಗಂಟಲ್ಲಿ. ಯಾವ ಮನಿಯಲ್ಲಿ ಯಾರು ಬಾಣಂತಿ, ಯಾವ ಮನಿ ಸಾಲ ತೀರ್ಸ್ತದೆ, ಯಾವುದು ತೀರ್ಸೂದಿಲ್ಲ, ಎಲ್ಲ ಲೆಕ್ಕ ತಲೆಯಲ್ಲಿ. ಇದು ವ್ಯಾಪಾರ ಅಲ್ದೆ ಮತ್ತೆಂತ? ಆದ್ರೆ ಯಾರೂ ಅವ್ರನ್ನ ಉದ್ಯೋಗಸ್ಥೆ ಅನ್ಲಿಲ್ಲ.

ಇನ್ನು ಬಸ್ಸಿನ ವಿಷಯ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು. ಇಲ್ಲಿ ಬಸ್ ಓಡ್ಸೂಕೆ ಶುರು ಮಾಡಿದವ್ರು ಖಾಸಗಿಯವ್ರು. ಸಿಪಿಸಿ, ಹನುಮಾನ್, ಶಂಕರ ವಿಠಲ ಅಂತ ಜಿಲ್ಲೆಯ ಹಳಬರ ಬಾಯಲ್ಲಿ ಈಗಲೂ ಆ ಹೆಸ್ರುಗಳು ಉಂಟು. ಎರಡನೇ ಮಹಾಯುದ್ಧದ ಸಮಯದಲ್ಲಿ ಪೆಟ್ರೋಲ್ ಸಿಕ್ಕದೆ ಇದ್ದಿಲಿನ ಗ್ಯಾಸಲ್ಲಿ ಬಸ್ ಓಡ್ಸಿದ್ರು. ಹೊಳಿ ಬಂದ್ರೆ ಜನ ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ನಿಂತ ಇನ್ನೊಂದು ಬಸ್ ಹತ್ತಬೇಕು. ಸಂಕಗಳು ಒಂದೊಂದಾಗಿ ಆದ ಮೇಲೆ ನೇರ ಬಸ್ಸು ಬಂತು.

ಹಳೆ ಮೈಸೂರು ಬದಿಯ ಕತಿ ಬೇರೆ. ಅಲ್ಲಿ 1948ರ ಸೆಪ್ಟೆಂಬರ್ 12ಕ್ಕೆ ಸರ್ಕಾರವೇ 120 ಬಸ್ ಇಟ್ಕಂಡು ಸಾರಿಗೆ ಇಲಾಖೆ ಶುರು ಮಾಡಿತು. ಅದೇ ಮುಂದೆ 1961ರಲ್ಲಿ ನಿಗಮ ಆಯ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಷ್ಟೊತ್ತಿಗೆ ನಮ್ಮ ರಸ್ತಿ ಮೇಲೆ ಖಾಸಗಿ ಬಸ್ಸಿನ ಬೇರು ಗಟ್ಟಿಯಾಗಿತ್ತು. ಇದನ್ನ ಸ್ವಲ್ಪ ನೆನಪಿಟ್ಕಣಿ, ಕಡೀಕೆ ಬೇಕಾತದೆ.

ಬಸ್ಸು ಬಂದ್ರೂ ಕಡ್ಲ್ ಬದಿ ಹೆಂಗ್ಸ್ರಿಗೆ ಅದರ ಹಂಗು ಅಷ್ಟು ಇರ್ಲಿಲ್ಲ. ಮೀನು ಊರ ದಡಕ್ಕೇ ಬತ್ತಿತ್ತಲ್ದಾ. ಎಲ್ಲ ಬದಲಾದದ್ದು 1970ರ ದಶಕದ ನಡುವಲ್ಲಿ, ಪರ್ಸೀನ್ ಬೋಟು ಬಂದ ಮೇಲೆ. ಇಂಜಿನ್ ಬೋಟಲ್ಲಿ ಹೋಯಿ, ಮೀನಿನ ಹಿಂಡನ್ನೇ ನಡು ಕಡಲಲ್ಲಿ ಸುತ್ತಿ ಬಲೆಯ ಬಾಯಿ ಕಟ್ಟೂದು. ದಡಕ್ಕೆ ಬಪ್ಪ ಮೀನು ದಡ ಮುಟ್ಟೂಕೆ ಮುಂಚೆಯೇ ಬೋಟಲ್ಲಿ. ರಂಪಣಿಯವ್ರು ಗಲಾಟೆ ಮಾಡಿದ್ರು, ಆದ್ರೆ ಕೆಲವೇ ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಬೋಟು ನಿಲ್ಲೂಕೆ ಬಂದರು ಬೇಕು. ನಮ್ಮ ಹತ್ರದ್ದು ಗಂಗೊಳ್ಳಿ, ದೊಡ್ಡದು ಮಲ್ಪೆ.

ಪುಸ್ತಕದಲ್ಲಿ ಇದನ್ನ ಮೀನುಗಾರಿಕೆಯ ಆಧುನೀಕರಣ ಅಂತ ಬರೀತಾರೆ. ಬಲೆ, ಬೋಟು, ಟನ್ನು, ಎಲ್ಲ ಲೆಕ್ಕ ಅದರಲ್ಲಿ ಇರ್ತದೆ. ಆದ್ರೆ ಹೆಂಗ್ಸ್ರ ಪಾಲಿಗೆ ಆದದ್ದೆಂತ ಅಂದ್ರೆ, ನಿನ್ನೆವರೆಗೆ ಮನಿ ಹಿತ್ಲಿಗೆ ಬಪ್ಪ ಮೀನನ್ನ ಇವತ್ತು ಗಂಗೊಳ್ಳಿಗೆ ಹೋಯಿ, ಏಲಂ ಕೂಗಿ, ದುಡ್ಡು ಕೊಟ್ಟು ತರಬೇಕಾಯ್ತು. ಕೈಯಲ್ಲಿ ಬಂಡವಾಳ ಬೇಕು, ಹೋಪುಕೆ ಬಸ್ ಬೇಕು. ಬೆಳಗಿನ ಜಾವ ಎದ್ದು ಗಂಗೊಳ್ಳಿಗೆ, ಅಲ್ಲಿಂದ ಮಾರೂಕೆ ಮತ್ತೊಂದು ಊರಿಗೆ, ಮಧ್ಯಾಹ್ನದ ಮೇಲೆ ಮನಿಗೆ. ಅಲ್ಲಿವರೆಗೆ ಕಾಲ್ನಡಿಗೆಯ ವ್ಯಾಪಾರ ಆಗಿದ್ದದ್ದು ಆವಾಗಿಂದ ಬಸ್ಸಿನ ವ್ಯಾಪಾರ ಆಯ್ತು. ಗಂಡಸ್ರು ಕುಂದಾಪ್ರದ ಆಫೀಸಿಗೆ ಫೈಲು ಹಿಡ್ಕಂಡು ಹೋಪ ಬಸ್ಸಿಗೇ ಅವ್ರು ಮೀನು ಹಿಡ್ಕಂಡು ಹತ್ತಬೇಕಾಯ್ತು.

ಜಗಳ ಶುರುವಾದದ್ದು ಅಲ್ಲಿ. ಊರ ದಡದ ಮೀನಿಗೆ ಐಸ್ ಬೇಕಿರ್ಲಿಲ್ಲ. ಬಂದರಿನ ಮೀನಿಗೆ ಐಸ್ ಹಾಕ್ತಾರೆ. ಐಸ್ ಕರಗಿದ್ರೆ ಬೆತ್ತದ ಹೆಡ್ಗಿಯ ಸಂದಿನಿಂದ ನೀರು ತೊಟ್ಟಿಕ್ಕೂದು, ಬಿಳಿ ಪಂಚೆಯವ್ರ ಕಾಲಿಗೆ ತಾಗೂದು. "ಇಳಿಸ್ ಆ ಹೆಡ್ಗಿ!" ಅಂತ ಒಬ್ರು, "ನಮ್ದೂ ದುಡ್ಡೇ ಅಲ್ದಾ, ಕಲ್ಲಾ?" ಅಂತ ಇವ್ರು. ಕೆಲವು ಬಸ್ಸು ನಿಲ್ಸ್ತಲೇ ಇರ್ಲಿಲ್ಲ. ಕೆಲವು ಟಾಪಿಗೆ ಹಾಕಿ ಲಗೇಜ್ ಅಂತ ಬೇರೆ ದುಡ್ಡು ತಕಂತಿದ್ವು. ಹೆಡ್ಗಿಗೆ ಬಾಳೆ ಎಲೆ ಹಾಸಿ ಕಂಡ್ರು, ಆಮೇಲೆ ಪ್ಲಾಸ್ಟಿಕ್ ಹಾಸಿದ್ರು, ಕಡೀಕೆ ಹೆಡ್ಗಿಯೇ ಹೋಯಿ ಅಲ್ಯೂಮಿನಿಯಂ ಬೋಗುಣಿ ಬಂತು. ಮೊನ್ನೆ ಸ್ಟಾಪಲ್ಲಿ ನಾನು ಕಂಡ ಬೋಗುಣಿಯ ಹಿಂದೆ ಇಷ್ಟು ಕತಿ ಉಂಟು. ಅದು ಅಡ್ಗಿ ಪಾತ್ರೆ ಅಲ್ಲ, ಬಸ್ಸಲ್ಲಿ ಜಾಗ ಸಿಕ್ಕೂಕೆ ಹೆಂಗ್ಸ್ರು ಮಾಡ್ಕಂಡ ಉಪಾಯ.

ಅವ್ರ ಹಿಂದಿಂದ ಬಸ್ ಹತ್ತಿದವ್ರು ಕಾರ್ಖಾನೆ ಹೆಂಗ್ಸ್ರು. ಮಂಗಳೂರಲ್ಲಿ ಬಾಸೆಲ್ ಮಿಶನಿನವ್ರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಹೊಳಿ ಬದಿಯ ಮಣ್ಣು ಸಿಕ್ಕಲ್ಲೆಲ್ಲ ಹಂಚಿನ ಕಾರ್ಖಾನೆ ಎದ್ವು, ನಮ್ಮ ಕುಂದಾಪ್ರ ಬದಿಯಲ್ಲೂ. ಆಮೇಲೆ ಗೇರುಬೀಜದ ಫ್ಯಾಕ್ಟ್ರಿ. ಗೇರುಬೀಜ ಒಡೆದು, ಸಿಪ್ಪೆ ತೆಗೆದು, ತರ ತರ ಆರಿಸೂದು ಹೆಚ್ಚಿನದ್ದೆಲ್ಲ ಹೆಂಗ್ಸ್ರ ಕೈಯಲ್ಲೇ. ಬೀಜದ ಓಡಿನ ಎಣ್ಣೆ ಕೈಗೆ ತಾಗಿದ್ರೆ ಚರ್ಮ ಸುಡ್ತದೆ, ಬೂದಿ ಹಚ್ಕಂಡು ಒಡೀತಾರೆ, ಆದ್ರೂ ಬೆರಳು ಕಪ್ಪಾಪುದು ತಪ್ಪೂದಿಲ್ಲ. ಬಸ್ಸಿನ ಕಂಬಿ ಹಿಡ್ಕಂಡ ಕೈ ಕಂಡ್ರೆ ಸಾಕು, ಇವ್ಳು ಗೇರ್ಬೀಜದ ಕೆಲ್ಸದವ್ಳು ಅಂತ ಗೊತ್ತಾತಿತ್ತು. ಬೀಡಿ ಕಟ್ಟೂವವ್ರು ಮನಿಯಲ್ಲೇ ಕೂತು ಕಟ್ಟಿದ್ರೂ, ಕಟ್ಟಿದ್ದನ್ನ ಬ್ರಾಂಚಿಗೆ ಕೊಡೂಕೆ, ಎಲೆ ಹೊಗೆಸೊಪ್ಪು ತಪ್ಪುಕೆ ಹೋಯ್ಕಿತ್ತು. 1966ರಲ್ಲಿ ಬೀಡಿ ಕಾರ್ಮಿಕರಿಗೇ ಅಂತ ಒಂದು ಕಾನೂನು ಬಂತು. ಅದರಿಂದ ಮನಿ ಜಗಲಿಯಲ್ಲಿ ಬೀಡಿ ಕಟ್ಟೂವವ್ಳೂ ಕಾರ್ಮಿಕಳು ಅಂತ ಕಾಗ್ದದಲ್ಲಾದ್ರೂ ಆಯ್ತು.

ಹಾಂಗಾಗಿ ಬೆಳಗಿನ ಬಸ್ಸಂದ್ರೆ ಮೀನಿನ ವಾಸನೆ, ಗೇರೆಣ್ಣೆ ವಾಸನೆ, ಹೊಗೆಸೊಪ್ಪಿನ ವಾಸನೆ. ದುಡಿದದ್ದರ ವಾಸನೆ ಇಲ್ಲದವ್ರು ಅಂದ್ರೆ ಟೀಚರು, ಆಫೀಸಿನವ್ರು. ಜನ ಎದ್ದು ಸೀಟು ಕೊಡ್ತಿದ್ದದ್ದು ಅವ್ರಿಗೆ. ಟೀಚರ್‌ಗೆ ಮರ್ಯಾದಿ ಕೊಟ್ಟದ್ದು ತಪ್ಪಲ್ಲ. ಉಳಿದವ್ರಿಗೆ ಕೊಡದೇ ಇದ್ದದ್ದು ತಪ್ಪು.

ನನ್ನಂಥವ್ರು ಬಸ್ ಹತ್ತಿದ್ದು ಇವ್ರೆಲ್ಲರ ನಂತ್ರ. ಹೆಣ್ಮಕ್ಕಳಿಗೆ ಕಾಲೇಜು ಅಂದ್ರೆ ಮೊದ್ಲು ಮಂಗಳೂರು. ಅಲ್ಲಿ 1921ರಲ್ಲೇ ಸಂತ ಆಗ್ನೆಸ್ ಕಾಲೇಜು ಆಗಿತ್ತು. 1949ರಲ್ಲಿ ಉಡುಪಿಗೆ ಎಂ.ಜಿ.ಎಂ. ಕಾಲೇಜು ಬಂತು, 1963ರಲ್ಲಿ ಕುಂದಾಪ್ರಕ್ಕೆ ಭಂಡಾರ್ಕಾರ್ಸ್ ಕಾಲೇಜು. ಕಾಲೇಜು ರಸ್ತಿ ಹಿಡ್ಕಂಡು ಒಂದೊಂದೇ ಊರು ದಾಟಿ ನಮ್ಮ ಬದಿಗೆ ನಡ್ಕಂಡು ಬಂದ ಹಾಂಗೆ. ನಮ್ಮ ಮನಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ್ನೇ ಹೆಣ್ಣು ನಾನು. ಇಪ್ಪತ್ತು ಕಿ.ಮೀ. ಹತ್ರದ ದಾರಿ, ದಿನಾ ಬಸ್ಸಲ್ಲಿ ಹೋಪುಕೆ ಅಪ್ಪಯ್ಯ ಒಪ್ಪಿದ್ದೇ ದೊಡ್ಡದು. "ಹೆಂಗ್ಸ್ರ್ ಇಪ್ಪ ಬಸ್ಸಿಗೆ ಹೋಗ್, ಖಾಲಿ ಬಸ್ಸಿಗ್ ಹತ್ತಬೇಡ" ಅಂತ ಅಬ್ಬಿ ಹೇಳಿ ಕಳ್ಸ್ತಿತ್ತು. ಆ ಹೆಂಗ್ಸ್ರು ಯಾರು? ಮೀನಿನವ್ರು, ಕಾರ್ಖಾನೆಯವ್ರು. ಅವ್ರಿದ್ದಾರೆ ಅಂಬ ಧೈರ್ಯದ ಮೇಲೆ ನಮ್ಮನ್ನ ಕಾಲೇಜಿಗೆ ಕಳ್ಸಿದ್ದು. ಅದು ಆವಾಗ ನಂಗೆ ತಿಳಿದಿತ್ತಾ? ಇಲ್ಲ. ಇಸ್ತ್ರಿ ಮಾಡಿದ ಲಂಗ ದಾವಣಿ ಹಾಕಿ ನಿಂತಿದ್ದಾಗ ಕಡ್ಲ್ ಬದಿ ಅಮ್ಮ ಪಕ್ಕಕ್ಕೆ ಬಂದು "ಹೆಣೆ, ಕಾಲೇಜಿಗಾ?" ಅಂದ್ರು. ನಾನು ಕರ್ಚೀಫು ಮೂಗಿಗೆ ಹಿಡಿದು ಆಚೆ ಸರಿದೆ. ಸಂಗಡ ಇದ್ದವ್ರು ನಕ್ರು. ಅವ್ರು ಎಂತದೂ ಹೇಳ್ಲಿಲ್ಲ, ಹಿಂದೆ ಹೋಯಿ ನಿಂತ್ರು.

ಅದೇ ವರ್ಷ ಸೋಣಿ ತಿಂಗಳಲ್ಲಿ ಒಂದು ಸಂಜಿ. ಮಳಿ ಅಂದ್ರೆ ಮಳಿ. ಕಾಲೇಜಿಂದ ಬಪ್ಪ ಬಸ್ಸು ತ್ರಾಸಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬಪ್ಪ ಸುದ್ದಿಯೇ ಇಲ್ಲ. ಇಳಿದವ್ರು ಒಬ್ಬೊಬ್ರೇ ಅವ್ರವ್ರ ದಾರಿ ಹಿಡಿದ್ರು, ನಾನೊಬ್ಳೇ ಅಂಗಡಿ ಮಾಡಿನಡಿ ನಿಂತೆ. ಕಪ್ಪಾತಾ ಬಂತು. ತ್ರಾಸಿಯಿಂದ ಮರವಂತೆಗೆ ಅರ್ಧ ಮುಕ್ಕಾಲು ಗಂಟೆ ನಡಿಗೆ, ಅದೂ ಒಂದು ಬದಿ ಕಡಲು, ಒಂದು ಬದಿ ಹೊಳಿ, ದೀಪ ಇಲ್ಲ. ಅಷ್ಟೊತ್ತಿಗೆ ಗಂಗೊಳ್ಳಿ ಬದಿಯಿಂದ ನಾಲ್ಕೈದು ಹೆಂಗ್ಸ್ರು ಖಾಲಿ ಹೆಡ್ಗಿ ತಲೆಗೆ ಕವುಚಿ ಹಾಕ್ಕಂಡು ಬಂದ್ರು. ಅದರಲ್ಲಿ ಕಡ್ಲ್ ಬದಿ ಅಮ್ಮ. ನನ್ನ ಕಂಡು ನಿಂತ್ರು. "ಹೊಳಿ ಬದಿ ಮನಿ ಹೆಣ್ ಅಲ್ದಾ? ಬಾ ಹೆಣೆ, ನಮ್ಮ್ ನಡೂಕೆ ನಡಿ" ಅಂದ್ರು. ಅವ್ರದ್ದೊಂದು ಹೆಡ್ಗಿ ನನ್ನ ತಲೆ ಮೇಲೆ ಕವುಚಿದ್ರು, ಮಳಿ ತಾಗ್ದ ಹಾಂಗೆ. ಮೀನಿನ ನೀರು ಹಣೆ ಮೇಲೆ ಇಳೀತಿತ್ತು, ನಾನು ಒರೆಸ್ಕಂಬ್ಲಿಲ್ಲ. ಲಾರಿ ಬಂದಾಗೆಲ್ಲ ಅವ್ರು ರಸ್ತಿ ಬದಿಗೆ ನಿಂತು ನನ್ನ ಒಳಬದಿಗೆ ಮಾಡ್ತಿದ್ರು. ಮನಿ ಬಾಗ್ಲಿಗೆ ಬಿಟ್ಟು, "ನಾಳೆ ಬೈಗಿ ಬೇಕಾ?" ಅಂತ ಅಬ್ಬಿ ಹತ್ರ ಕೇಳಿ ಹೋದ್ರು. ಕರ್ಚೀಫಿನ ವಿಷಯ ಅವ್ರು ಎತ್ಲಿಲ್ಲ. ನಾನೂ ಎತ್ಲಿಲ್ಲ, ಅವ್ರು ಇಪ್ಪಷ್ಟು ಕಾಲ ಎತ್ಲಿಲ್ಲ. ಅದೊಂದು ಈಗಲೂ ಗಂಟಲಲ್ಲಿ ಮುಳ್ಳಿನ ಹಾಂಗೆ ಇದೆ.

ಪಿಯುಸಿ ಮುಗ್ಸಿ ಎರಡು ವರ್ಷ ನಾನೂ ಕೆಲ್ಸಕ್ಕೆ ಹೋಯಿದ್ದೆ, ಕುಂದಾಪ್ರದಲ್ಲಿ ಲೆಕ್ಕ ಬರೀವ ಕೆಲ್ಸ. ತಿಂಗಳಿಗೆ ನಾನೂರೈವತ್ತು ರೂಪಾಯಿ. ಮದಿ ಆದ್ದೂ ಇದೇ ಊರಿಗೆ, ಕೆಲ್ಸ ಬಿಡೂದು ಬೇಡ ಅಂತಲೇ ಇದ್ದೆ. ಆದ್ರೆ ವರ್ಷದ ಕಡೀ ತಿಂಗಳಲ್ಲಿ ಲೆಕ್ಕ ಮುಗೀಪಾಗ ರಾತ್ರಿ ಆತಿತ್ತು. ಕಡೀ ಬಸ್ಸು ಒಂದೊಂದು ದಿನ ಬತ್ತಿತ್ತು, ಒಂದೊಂದು ದಿನ ಇಲ್ಲ. ಮನಿಯವ್ರು ಸೈಕಲ್ಲಲ್ಲಿ ಸ್ಟಾಪಿಗೆ ಬಂದು ಕಾಯೂದು, ಅತ್ತೆ ಬಾಗ್ಲಲ್ಲಿ ಕಾಯೂದು, ಅಕ್ಕಪಕ್ಕದವ್ರು ಕಾಂಬುದು. ಮಗು ಆದ ಮೇಲೆ ಬಿಟ್ಟೆ. ಯಾರೂ ಬಿಡು ಅನ್ಲಿಲ್ಲ, ಬಸ್ಸೇ ಬಿಡ್ಸಿದ್ದು ಅಂತ ನಗೆ ಮಾಡಿ ಹೇಳ್ತೆ. ಆದ್ರೆ ಮೀನಿನವ್ರಿಗೂ ಅದೇ ಬಸ್ಸು, ಅದೇ ರಾತ್ರಿ. ಅವ್ರು ಬಿಡ್ಲಿಲ್ಲ. ಬಿಟ್ರೆ ಉಂಬುಕೆ ಇಲ್ಲ. ನಂಗೆ ಬಿಡೂಕೆ ಸಾಧ್ಯ ಇತ್ತು, ಅಷ್ಟೇ ವ್ಯತ್ಯಾಸ.

ಆಮೇಲೆ ಬಂದದ್ದೆಲ್ಲ ನಿಮ್ಗೂ ಗೊತ್ತಿಪ್ಪುದೇ. 1997ರ ಆಗಸ್ಟ್ 25ಕ್ಕೆ ಉಡುಪಿ ಜಿಲ್ಲೆ ಆಯ್ತು. 1998ರ ಜನವರಿ 26ಕ್ಕೆ ಕೊಂಕಣ ರೈಲು ಪೂರ್ತಿ ಓಡಿತು. ದೂರ ಹೋಪವ್ರಿಗೆ ಭಾರಿ ಒಳ್ಳೆದಾಯ್ತು, ಆದ್ರೆ ಸೇನಾಪುರವಾಗ್ಲಿ ಬೈಂದೂರಾಗ್ಲಿ ಸ್ಟೇಶನ್ ಮುಟ್ಟೂಕೇ ಮತ್ತೊಂದು ಗಾಡಿ ಬೇಕು. ಕುಂದಾಪ್ರದ ಸ್ಟೇಶನ್ನೂ ಪೇಟೆಯಲ್ಲಿ ಇಲ್ಲ, ಮೂಡ್ಲಕಟ್ಟೆಯಲ್ಲಿ. ದಿನಾ ಹೋಯಿ ಬಪ್ಪ ಹೆಂಗ್ಸ್ರಿಗೆ ಬಸ್ಸೇ ಗತಿ. ರಸ್ತಿ ನಾಲ್ಕು ಲೇನ್ ಆಯ್ತು. ವಾಹನಕ್ಕೆ ಸಲೀಸು. ಮೊದ್ಲು ಹೊಳಿ ಬದಿಯಿಂದ ಕಡ್ಲ್ ಬದಿಗೆ ಒಂದು ಹಾರಿಕೆಯಲ್ಲಿ ದಾಟ್ತಿದ್ದ ರಸ್ತಿ ಈಗ ಎರಡು ರಸ್ತಿ, ನಡೂಕೊಂದು ಕಟ್ಟೆ. ತಲೆ ಮೇಲೆ ಹೊರೆ ಇದ್ದವ್ರು ಅದನ್ನ ದಾಟೂದನ್ನ ಒಂದ್ಸಲ ನಿಂತು ಕಾಣಿ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಲ್ಲಿ ರಾಜ್ಯದ ಹೆಂಗ್ಸ್ರಿಗೆ ಟಿಕೆಟಿಗೆ ದುಡ್ಡಿಲ್ಲ. ಟೀವಿಯಲ್ಲಿ ಮೈಸೂರು, ಹುಬ್ಬಳ್ಳಿ ಬದಿ ಹೆಂಗ್ಸ್ರು ಬಸ್ ತುಂಬ ನಗಾಡ್ತಾ ಹೋಪುದು ಕಂಡು ನಂಗೂ ಖುಷಿ ಆಯ್ತು. ನನ್ನ ಸೊಸೆ ನರ್ಸು, ದಿನಾ ಕುಂದಾಪ್ರಕ್ಕೆ ಹೋಯಿ ಬಪ್ಪವ್ಳು. ಅವಳು ಬ್ಯಾಗಿನ ಚಿಲ್ಲರೆ ಎಣಿಸ್ತಾ, "ಅತ್ತೆ, ನಮ್ಮ್ ಬಸ್ಸಿಗ್ ಶಕ್ತಿ ಇಲ್ಲೆ" ಅಂದ್ಲು. ಈಗ ಕಾಣಿ, ಮೊದ್ಲು ನೆನಪಿಟ್ಕಣಿ ಅಂದದ್ದು. ನಮ್ಮ ರಸ್ತಿ ಮೇಲೆ ಓಡೂದು ಹೆಚ್ಚಿನವು ಖಾಸಗಿ ಬಸ್ಸು. ಸರ್ಕಾರಿ ಬಸ್ಸು ಇಲ್ಲಂತಲ್ಲ, ಬೇಕಾದ ಹೊತ್ತಿಗೆ ಬೇಕಾದಷ್ಟು ಇಲ್ಲ. 1948ರಲ್ಲಿ ನಾವು ಮೈಸೂರಲ್ಲಿ ಇರ್ಲಿಲ್ಲ, ಮದ್ರಾಸಲ್ಲಿ ಇದ್ದೆವು ಅಂಬುದಕ್ಕೆ ಇವತ್ತು ನನ್ನ ಸೊಸೆ, ಬೋಗುಣಿ ಹಿಡ್ಕಂಡ ಆ ಅಮ್ಮ, ಗೇರ್ಬೀಜದ ಹೆಂಗ್ಸ್ರು ದಿನಾ ಟಿಕೆಟ್ ದುಡ್ಡು ಕೊಡ್ತಿದ್ದಾರೆ. ಖಾಸಗಿ ಬಸ್ಸಿನವ್ರನ್ನ ದೂರೂದಲ್ಲ. ಯಾರೂ ಇಲ್ಲದ ಕಾಲದಲ್ಲಿ ನಮ್ಮನ್ನ ಕರ್ಕಂಡು ಹೋದವ್ರು ಅವ್ರೇ. ಆದ್ರೆ ಹೆಂಗ್ಸ್ರಿಗೆ ಕೊಟ್ಟ ಸೌಲಭ್ಯ ದಿನಾ ದುಡಿದು ತಿಂಬ ಹೆಂಗ್ಸ್ರನ್ನೇ ದಾಟಿ ಹೋಪುದು ಸರಿ ಅಲ್ಲ. ಬೆಳಗಿನ ಮತ್ತೆ ರಾತ್ರಿಯ ಎರಡೆರಡು ಸರ್ಕಾರಿ ಬಸ್ಸು, ನಿಂತು ಹತ್ತಿಸ್ಕಂಬ ಬಸ್ಸು, ಇಷ್ಟಾದ್ರೂ ಕೇಳೂಕೆ ನಮ್ಗೆ ಹಕ್ಕಿದೆ.

ಮೊನ್ನೆಯ ಬಸ್ಸಿನ ಕತಿ ಪೂರ್ತಿ ಮಾಡ್ಲಿಲ್ಲ ಅಲ್ದಾ. ನಾನು ಕೂತ ಸೀಟಲ್ಲಿ ಪಕ್ಕದ್ದು ಖಾಲಿ ಇತ್ತು. ಹಿಂದೆ ತಿರುಗಿ, "ಅಕ್ಕ, ಇಲ್ಲ್ ಬಂದ್ ಕೂಕಣಿ" ಅಂದೆ. ಅವ್ರು ಒಂದ್ ಗಳಿಗಿ ನನ್ನ ಮುಖ ಕಂಡ್ರು. "ಬ್ಯಾಡ ಮರಾಯ್ತಿ, ನಾ ತ್ರಾಸಿಯಂಗೆ ಇಳೂದ್" ಅಂದ್ರು. ನಾನು ಮತ್ತೊಂದ್ಸಲ ಕರ್ದೆ. ಬಂದು ಕೂತ್ರು, ಬೋಗುಣಿ ಮಡಿಲ ಮೇಲೆ ಇಟ್ಕಂಡು. ತ್ರಾಸಿವರೆಗೆ ಎಷ್ಟು ಹೊತ್ತು, ಐದು ನಿಮಿಷ. ಅಷ್ಟರಲ್ಲಿ ಬಂಗುಡೆ ಬೆಲಿ, ಮೊಣಕಾಲು ನೋವು, ಮಗಳ ಮಗಳು ಬಿ.ಕಾಂ. ಮುಗ್ಸಿದ್ದು, ಎಲ್ಲ ಹೇಳಿ ಆಯ್ತು. ಇಳಿವಾಗ ಟಿಕೆಟಿನ ದುಡ್ಡು ಲೆಕ್ಕ ಮಾಡಿ ಕಂಡಕ್ಟರ್ ಹೈದನ ಕೈಗೆ ಇಟ್ಟು, ಬಸ್ಸು ಪೂರ್ತಿ ನಿಂತ ಮೇಲೆಯೇ ಇಳಿದ್ರು.

ನಿಮ್ಮ ಊರ ಬೆಳಗಿನ ಬಸ್ಸಲ್ಲಿ ಯಾರ್ಯಾರಿದ್ರು, ನೀವೂ ಒಂದ್ಸಲ ನೆನಪು ಮಾಡ್ಕಣಿ. ನಂಗೆ ಒಲೆ ಮೇಲೆ ಅನ್ನ ಇದೆ, ಕಾಂಬ.